ದಾರದ ತುದಿಯ ಗಂಟು

"ಇವು ತಮ್ಮನ ಸೆಲ್ ಅಲ್ಲ, ಸಾಹೇಬ್ರೆ."

ಲ್ಯಾಬಿನ ಬಾಬ್‌ಕಟ್ ಹುಡುಗಿ ಇಷ್ಟು ಹೇಳಿ ಕೈಗವಸು ಕಳಚಿ ಕಸದ ಡಬ್ಬಕ್ಕೆ ಎಸೆದಳು. ಒಂದು ಒಳಗೆ ಬಿತ್ತು, ಇನ್ನೊಂದು ನೆಲಕ್ಕೆ. ಅದನ್ನು ಎತ್ತಿ ಹಾಕುವ ತ್ರಾಣವೂ ಇಲ್ಲದವಳಂತೆ ಸ್ಟೂಲಿನ ಮೇಲೆ ಕುಸಿದು ಕುಳಿತಳು.

ಮೀಸೆ ಸಾಹೇಬರು ಬಗ್ಗಿ ಕೈಗವಸು ಎತ್ತಿ ಡಬ್ಬಕ್ಕೆ ಹಾಕಿದರು. ಪೊಲೀಸ್ ಇಲಾಖೆಯಲ್ಲಿ ಕಳ್ಳರ ಬೆನ್ನು ಹತ್ತಿಯೇ ಕೂದಲು ನರೆಸಿಕೊಂಡು ನಿವೃತ್ತರಾದವರು. ಕೆಟ್ಟ ಸುದ್ದಿ ಕೇಳಿದ ಕೂಡಲೇ ಕೈಗೊಂದು ಕೆಲಸ ಕೊಡಬೇಕು, ಇಲ್ಲದಿದ್ದರೆ ಬಾಯಿ ಏನಾದರೊಂದು ಅಂದುಬಿಡುತ್ತದೆ ಎಂಬುದು ಅವರಿಗೆ ಗೊತ್ತು.

"ಮತ್ತೆ ಯಾರದ್ದು?"

"ಗೊತ್ತಿಲ್ಲ. ನಿಮ್ಮ ತಮ್ಮನ ರಕ್ತದ ಜೊತೆ ಹೋಲಿಸಿದ್ವಿ, ತಾಳೆ ಆಗ್ತಿಲ್ಲ. ನಿಮ್ಮ ರಕ್ತದ ಜೊತೆ ಹೋಲಿಸಿದ್ವಿ, ಅದೂ ಇಲ್ಲ. ಸೆಲ್‌ಗೂ ಬೆರಳಚ್ಚಿನ ಥರ ಒಂದು ಗುರುತಿರುತ್ತೆ. ಅದು ಸುಳ್ಳು ಹೇಳಲ್ಲ."

"ಬೆರಳಚ್ಚು ಸುಳ್ಳು ಹೇಳಲ್ಲ ಕಣಮ್ಮ. ಅದನ್ನ ಓದೋರು ಹೇಳ್ತಾರೆ."

ಹುಡುಗಿ ನಗಲಿಲ್ಲ. ತಮ್ಮನ ಚರ್ಮದ ಚೂರಿನಿಂದ ಬೆಳೆಸಿದ ಜೀವಕೋಶಗಳು ಹೊಸ ಮದ್ದಿಗೆ ಚೇತರಿಸಿಕೊಂಡವು ಎಂಬ ಒಂದೇ ಬಲದ ಮೇಲೆ ತಮ್ಮನಿಗೆ ಆ ಮದ್ದು ಸಿಕ್ಕಿತ್ತು. ಈಗ ಆ ಕೋಶಗಳು ತಮ್ಮನವೇ ಅಲ್ಲವಂತೆ.

ಕಾಯಿಲೆಯ ಬಗ್ಗೆ ಸಾಹೇಬರಿಗೆ ತಿಳಿದದ್ದು ಇಷ್ಟು. ಪ್ರತಿ ಜೀವಕೋಶದೊಳಗೂ ಕಸ ಕರಗಿಸುವ ಪುಟ್ಟ ಪುಟ್ಟ ಚೀಲಗಳಿವೆ. ಆ ಚೀಲಕ್ಕೆ ಹೋಗಿ ದುಡಿಯಬೇಕಾದ ಒಂದು ಪ್ರೋಟೀನ್ ತಮ್ಮನಲ್ಲಿ ಸರಿಯಾಗಿ ಮಡಚಿಕೊಳ್ಳುವುದಿಲ್ಲ. ಮಡಿಕೆ ಕೆಟ್ಟ ಅಂಗಿಯನ್ನು ಅಂಗಡಿಯವನು ಮೂಲೆಗೆ ಎಸೆಯುವಂತೆ ಕೋಶ ಅದನ್ನು ಎಸೆದುಬಿಡುತ್ತದೆ. ಕಸ ಒಳಗೇ ಉಳಿಯುತ್ತದೆ, ನರಗಳು ಸೊರಗುತ್ತವೆ, ಮೊದಲು ಬೆರಳುಗಳು ಹೇಳಿದ ಮಾತು ಕೇಳುವುದನ್ನು ಬಿಡುತ್ತವೆ. ಈ ಲ್ಯಾಬಿನ ಮೇಷ್ಟ್ರು ಕಂಡುಹಿಡಿದ ಮದ್ದು ಆ ಪ್ರೋಟೀನಿನ ಕೈ ಹಿಡಿದು, ನೆಟ್ಟಗೆ ಮಡಚಿಸಿ, ಚೀಲದ ಬಾಗಿಲ ತನಕ ಬಿಟ್ಟುಬರುತ್ತದೆ.

ಬೆರಳು ಮಾತು ಕೇಳದಿದ್ದರೆ ಬೇರೆಯವರು ಹೇಗೋ ಸಂಭಾಳಿಸಬಹುದು. ತಮ್ಮ ಟೈಲರು. ಬೆರಳೇ ಅವನ ಬದುಕು.

ಅಂಥ ತಮ್ಮ ಇವತ್ತು ಬೆಳಿಗ್ಗೆ ಸೂಜಿಗೆ ದಾರ ಪೋಣಿಸಿದ್ದ! ಸಾಹೇಬರು ಅಂಗಡಿಗೆ ಕಾಲಿಟ್ಟಾಗ ಸೂಜಿಮೆತ್ತೆಯ ಮೇಲೆ ಸೂಜಿ ನಿಂತಿತ್ತು, ಅದರಿಂದ ಬಿಳಿ ದಾರ ಇಳಿಬಿದ್ದಿತ್ತು, ದಾರದ ತುದಿಯಲ್ಲಿ ಸಾಸಿವೆಯಷ್ಟು ಗಂಟು. "ನೋಡಣ್ಣ, ನಾನೇ ಪೋಣಿಸಿದ್ದು" ಎಂದ ತಮ್ಮ. ಜೀವಮಾನವೆಲ್ಲ ಯಾರ ಮಾತನ್ನೂ ಎರಡು ಸಲ ತಿರುಗಿಸದೆ ನಂಬದ ಸಾಹೇಬರು ಅದನ್ನು ಮರುಮಾತಿಲ್ಲದೆ ನಂಬಿದರು. ಕಣ್ಣು ತುಂಬಿಬಂದು ಸೂಜಿಯೇ ಮಂಜಾಯಿತು.

"ನಾಳೆ ಬೆಳಿಗ್ಗೆ ಮದ್ದಿಗೆ ಒಪ್ಪಿಗೆ ಕೊಡೋ ಸಮಿತಿ ಕೂರುತ್ತೆ," ಎಂದಳು ಹುಡುಗಿ. "ಇನ್ನಷ್ಟು ರೋಗಿಗಳಿಗೆ ಮದ್ದು ಕೊಡೋ ಮೊದಲು ಈ ಗುರುತಿನ ಪರೀಕ್ಷೆ ಆಗ್ಲಿ ಅಂದೋರೇ ಅವರು. ಸೆಲ್ ಯಾರದ್ದು ಅಂತ ನಾವು ಹೇಳೋಕೆ ಆಗ್ಲಿಲ್ಲ ಅಂದ್ರೆ ನಿಮ್ಮ ತಮ್ಮನಿಗೂ ಮದ್ದು ನಿಲ್ಲಿಸ್ತಾರೆ. ಬದಲಾಯಿಸಿದ್ದು ನಾನೇ ಅಂತಾರೆ. ಟ್ಯಾಂಕಿಂದ ಸೆಲ್ ತೆಗೆದು ಬೆಳೆಸಿದವಳು ನಾನೇ ಅಲ್ವಾ?"

"ನೀನು ಬದಲಾಯಿಸಿದ್ಯಾ?"

"ಸಾಹೇಬ್ರೆ!"

"ಕೇಳೋದು ನನ್ನ ಧರ್ಮ. ಆಯ್ತು, ನೀನಲ್ಲ. ಬೇರೆ ಯಾರಾದ್ರೂ ಆರೋಗ್ಯವಂತರ ಸೆಲ್ ತಂದು ಇಟ್ಟಿದ್ರೆ?"

"ಅಲ್ಲೇ ಇರೋದು ವಿಚಿತ್ರ. ಮದ್ದು ಹಾಕೋ ಮುಂಚೆ ಇವುಗಳಲ್ಲೂ ಅದೇ ಕಸ ತುಂಬಿತ್ತು. ಅದೇ ಪ್ರೋಟೀನ್ ಕೆಟ್ಟಿತ್ತು. ಯಾರದ್ದೋ ಗೊತ್ತಿಲ್ಲ, ಆದ್ರೆ ಅವರಿಗೂ ಇದೇ ಕಾಯಿಲೆ ಇದೆ. ಲಕ್ಷಕ್ಕೊಬ್ಬರಿಗೆ ಬರೋ ಕಾಯಿಲೆ ಸಾಹೇಬ್ರೆ! ನಮ್ಮ ಲ್ಯಾಬಿಗೆ ಚರ್ಮ ಕೊಟ್ಟ ರೋಗಿ ಅಂದ್ರೆ ನಿಮ್ಮ ತಮ್ಮ ಒಬ್ರೇ."

ಸಾಹೇಬರ ಮೀಸೆ ಒಮ್ಮೆ ಅಲುಗಿತು. ಅದು ಅವರ ತಲೆ ಓಡತೊಡಗಿದ್ದಕ್ಕೆ ಗುರುತು.

"ಮೇಷ್ಟ್ರಿಗೆ ಹೇಳಿದ್ಯಾ?"

"ಬೆಳಿಗ್ಗೇನೇ ಹೇಳ್ದೆ. ಒಂದು ಮಾತು ಬೈಲಿಲ್ಲ. 'ತಪ್ಪು ನಮ್ಮದು, ತಮ್ಮದಲ್ಲ' ಅಂದ್ರು. ಅವರು ಹಾಗೇ ಅಲ್ವಾ? ಎಲ್ಲರ ತಪ್ಪೂ ಮೈಮೇಲೆ ಎಳ್ಕೋತಾರೆ. ಬೈದಿದ್ರೆ ಚೆನ್ನಾಗಿತ್ತು."

ಈ ಲ್ಯಾಬಿನ ಮುಖ್ಯಸ್ಥರಿಗೆ 'ತಾವು ಮೇಷ್ಟ್ರು' ಎಂದು ಹೆಸರು ಬಿದ್ದದ್ದೇ ಈ ಮಾತಿನ ರೀತಿಗೆ. ಕಸ ಗುಡಿಸುವವರಿಂದ ಹಿಡಿದು ಸಮಿತಿಯ ಅಧ್ಯಕ್ಷರ ತನಕ ಎಲ್ಲರಿಗೂ ಅವರ ಬಾಯಲ್ಲಿ 'ತಾವು'. ಗೇಟಿನ ಬಳಿ ಅಡ್ಡ ಮಲಗುವ ಬೆಕ್ಕಿಗೂ "ತಾವು ಸ್ವಲ್ಪ ದಾರಿ ಬಿಡುತ್ತೀರಾ?" ಎನ್ನುವವರು. ಬೆಕ್ಕು ಬಿಡುವುದಿಲ್ಲ, ಇವರೇ ಸುತ್ತಿ ಹೋಗುತ್ತಾರೆ.

ಸಾಹೇಬರು ಎದ್ದರು. ಹೆಗಲಿಗೆ ನೇತುಹಾಕಿದ್ದ ಫ್ಲಾಸ್ಕು ಮೇಜಿಗೆ ಬಡಿದು ಠಣ್ ಎಂದಿತು. ಮೇಷ್ಟ್ರಿಗೆ ದಿನವೂ ಸಂಜೆ ತಮ್ಮನ ಮನೆಯಿಂದ ಹೋಗುವ ಟೀ ಅದು. ತರುವ ಕೆಲಸ ಸಾಹೇಬರದು. ಫ್ಲಾಸ್ಕು ಕೊಡುವಾಗಲೆಲ್ಲ ತಮ್ಮನ ಹೆಂಡತಿ ತಪ್ಪದೆ ಹೇಳುತ್ತಾಳೆ: "ಭಾವ, ಇದು ಮೇಷ್ಟ್ರಿಗೆ ಮಾತ್ರ. ದಾರೀಲಿ ನೀವು ಬಾಯಿ ಹಾಕ್ಬೇಡಿ." ಸಾಹೇಬರ ಟೀ ಚಟ ಮನೆಮಂದಿಗೆಲ್ಲ ಗೊತ್ತಿರುವುದರಿಂದ ಈ ಮಾತಿಗೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

"ಟ್ಯಾಂಕ್ ತೋರ್ಸು ನಡಿ," ಎಂದರು.

*

ಟ್ಯಾಂಕಿನ ಕೋಣೆ ಐಸ್ ಮಾಮನ ರಾಜ್ಯ. ಹೊರಗೆ ಎಷ್ಟೇ ಸೆಕೆಯಿರಲಿ, ಮಾಮ ಸ್ವೆಟರ್ ಬಿಚ್ಚಿದ್ದನ್ನು ಕಂಡವರಿಲ್ಲ. ಅವನ ಕೋಣೆಯ ನಡುವೆ ಸೊಂಟದೆತ್ತರದ ಉಕ್ಕಿನ ಟ್ಯಾಂಕು. ಅದರೊಳಗಿನ ಚಳಿಯಲ್ಲಿ ಸಾವಿರಾರು ಪುಟ್ಟ ಸೀಸೆಗಳು, ಸೀಸೆಗೆ ಲಕ್ಷಗಟ್ಟಲೆ ಜೀವಕೋಶಗಳು ನಿದ್ದೆ ಹೋಗಿವೆ.

"ಕಳ್ಳತನ ಅಂದ್ರಾ?" ಮಾಮ ಕೆಂಡವಾದ. "ನನ್ನ ಟ್ಯಾಂಕಿಂದ ಕದ್ದವನ ಬೆರಳು ಇಲ್ಲೇ ಉದುರಿ ಬಿದ್ದಿರುತ್ತೆ ಸಾಹೇಬ್ರೆ, ಹುಡುಕಿ ನೋಡಿ."

"ಯಪ್ಪಾ, ನಿನ್ನನ್ನ ಯಾರೂ ಕಳ್ಳ ಅನ್ಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಕೋತೀಯ? ತಮ್ಮನ ಡಬ್ಬಿ ತೆಗಿ."

ಮಾಮ ದಪ್ಪ ಕೈಗವಸು ತೊಟ್ಟು ಮುಚ್ಚಳ ಎತ್ತಿದ. ಬಿಳಿ ಆವಿ ಉಕ್ಕಿ ಮೂವರ ಕಾಲ ಮೇಲೂ ಹರಿಯಿತು. ಆವಿಯೊಳಗಿಂದ ಉದ್ದನೆಯ ಸ್ಟ್ಯಾಂಡು, ಸ್ಟ್ಯಾಂಡಿನಿಂದ ಒಂದು ಡಬ್ಬಿ. ಡಬ್ಬಿಯಲ್ಲಿ ಎರಡು ಸಾಲು ಸೀಸೆ, ಎಲ್ಲದರ ಮೇಲೂ ಹಿಮದ ಪುಡಿ.

"ಈ ಸಾಲೂ ತಮ್ಮ, ಆ ಸಾಲೂ ತಮ್ಮ," ಎಂದ ಮಾಮ. ಸಾಹೇಬರ ತಮ್ಮ ಲ್ಯಾಬಿನವರಿಗೆಲ್ಲ ತಮ್ಮನೇ, ಸೀಸೆಯ ಮೇಲೂ ಅದೇ ಹೆಸರು. "ಈ ಸಾಲಿಂದ ತೆಗೀತಾ ಇದೀವಿ. ಆ ಸಾಲು ಇನ್ನೂ ಮುಟ್ಟಿಲ್ಲ."

"ಎರಡು ಸಾಲು ಯಾಕೆ?"

ಮಾಮ ಹುಡುಗಿಯ ಮುಖ ನೋಡಿದ, ಹುಡುಗಿ ಮಾಮನ ಮುಖ ನೋಡಿದಳು. ಇಷ್ಟು ದಿನ ಇಬ್ಬರಿಗೂ ಆ ಪ್ರಶ್ನೆ ಬಂದೇ ಇರಲಿಲ್ಲ. ದಿನವೂ ನೋಡುವುದನ್ನು ಯಾರು ನೋಡುತ್ತಾರೆ?

"ಮಂಜು ಒರೆಸು. ಎರಡು ಸಾಲಿಂದಲೂ ಒಂದೊಂದು."

ಮಾಮ ಹೆಬ್ಬೆರಳಿನಿಂದ ಒರೆಸಿದ. ಸಾಹೇಬರು ಕನ್ನಡಕ ಹಣೆಗೇರಿಸಿ, ಮೀಸೆಗೆ ಹಿಮ ತಾಗುವಷ್ಟು ಹತ್ತಿರ ಬಗ್ಗಿದರು. ಮುಟ್ಟದ ಸಾಲಿನ ಸೀಸೆಯ ಮೇಲೆ ದುಂಡಗೆ, ಸ್ಪಷ್ಟವಾಗಿ: ತಮ್ಮ. ಬಳಸುವ ಸಾಲಿನದರ ಮೇಲೆ ಅಕ್ಷರ ಓಲಾಡಿದ್ದವು, ಗೆರೆ ಅಲ್ಲಲ್ಲಿ ಒಡೆದಿತ್ತು.

"ಇದು ತ ಅಲ್ಲ ಮಾಮ."

"ಮತ್ತೆ?"

"ನ. ಇದು ನಮ್ಮ."

ಹುಡುಗಿ ಬಗ್ಗಿ ನೋಡಿದಳು. ಮತ್ತೆ ನೋಡಿದಳು. "ಅಯ್ಯೋ," ಎಂದಳು. ಅವಳ ಉಸಿರಿಗೆ ಅಕ್ಷರದ ಮೇಲೆ ಮತ್ತೆ ಮಂಜು ಕೂತಿತು.

ಅವಸರದ ಕೈಯಲ್ಲಿ 'ನ'ಗೂ 'ತ'ಗೂ ಎಷ್ಟು ದೂರ? ಅಕ್ಷರ ಕಲಿಯುವ ಮಕ್ಕಳೆಲ್ಲ ಒಮ್ಮೆಯಾದರೂ ಎಡವಿದ ಜಾಗವೇ ಅದು. ಅದರ ಮೇಲೆ ಹಿಮ ಬೇರೆ. ತಮ್ಮನ ಡಬ್ಬಿಯಲ್ಲಿ ತಮ್ಮನನ್ನೇ ಹುಡುಕುವ ಕಣ್ಣಿಗೆ ತಮ್ಮನಲ್ಲದೆ ಇನ್ನೇನು ಕಾಣುತ್ತದೆ?

"ನಮ್ಮ ಅಂದ್ರೆ ಲ್ಯಾಬಿಂದು ಇರ್ಬೇಕು," ಎಂದ ಮಾಮ. "ನಮ್ಮ ಟ್ಯಾಂಕು, ನಮ್ಮ ಸೀಸೆ ಅಂದ ಹಾಗೆ."

"ಬರೆದೋರು ಯಾರು?"

"ಎರಡೂ ಮೇಷ್ಟ್ರ ಕೈಬರಹವೇ. ಇದರಲ್ಲಿ ಕೈ ನಡುಗಿದೆ. ಚಳಿಗೆ ಅಂದ್ಕೊಂಡೆ. ಇಲ್ಲಿ ಯಾರ ಕೈ ನಡುಗಲ್ಲ ಹೇಳಿ?"

ಸ್ಟೇಷನ್ನಿನಲ್ಲಿ ಸಾಹೇಬರೂ ನಮ್ಮ ಜೀಪು, ನಮ್ಮ ಹುಡುಗರು ಎಂದೇ ಅನ್ನುತ್ತಿದ್ದರು. ಅಲ್ಲಿ 'ನಮ್ಮ' ಎಂದರೆ ಎಲ್ಲರದು, ಅಂದರೆ ಯಾರದೂ ಅಲ್ಲ. ಆದರೆ ತಾವು ಮೇಷ್ಟ್ರ ಬಾಯಲ್ಲಿ 'ನಮ್ಮ' ಎಂದರೆ ಒಬ್ಬರೇ. ನಮ್ಮ ಕೊಡೆ ಎಲ್ಲಿ? ನಮ್ಮ ಕನ್ನಡಕ ಕಂಡಿರಾ? ಹೋದ ತಿಂಗಳು "ನಮ್ಮ ಹಲ್ಲು ನೋಯುತ್ತಿದೆ" ಎಂದಿದ್ದರು. ಆ ಹಲ್ಲು ಲ್ಯಾಬಿನ ಆಸ್ತಿಯಾಗಿರಲಿಲ್ಲ.

"ಥ್ಯಾಂಕ್ಸ್ ಮಾಮ," ಎಂದರು ಸಾಹೇಬರು. ಧ್ವನಿ ಮಾತ್ರ ಥ್ಯಾಂಕ್ಸ್ ಹೇಳುವವರದಾಗಿರಲಿಲ್ಲ.

*

ಮೇಷ್ಟ್ರ ಕೋಣೆಯ ಬಾಗಿಲ ಮುಂದೆ ಸಾಹೇಬರ ಕಾಲು ನಿಂತಿತು.

ಎಂಥೆಂಥ ಬಾಗಿಲನ್ನು ಒದ್ದು ಒಳಗೆ ಹೋದವರು! ಈ ಬಾಗಿಲು ಮಾತ್ರ ತಟ್ಟಲು ಕೈ ಬರಲಿಲ್ಲ. ತಮ್ಮನನ್ನು ಕರೆದುಕೊಂಡು ಅವರು ಹತ್ತಿಳಿಯದ ಆಸ್ಪತ್ರೆಯಿರಲಿಲ್ಲ. ಒಬ್ಬರು ನರದ ನಿಶ್ಶಕ್ತಿ ಎಂದರು, ಇನ್ನೊಬ್ಬರು ಮನಸ್ಸಿನ ಕಾಯಿಲೆ ಎಂದರು, ಮತ್ತೊಬ್ಬರು ತಲೆಯೆತ್ತದೆ ಟಾನಿಕ್ ಬರೆದರು. ಕೊನೆಗೆ ಈ ಕೋಣೆಯಲ್ಲಿ ಮೇಷ್ಟ್ರು ತಮ್ಮನ ಒಂದೊಂದೇ ಬೆರಳನ್ನು ಹಿಡಿದು ನೋಡಿ ಹೇಳಿದ್ದರು: "ತಮ್ಮ ಕಾಯಿಲೆಗೆ ಒಂದು ಹೆಸರಿದೆ. ಹೆಸರಿದ್ದ ಮೇಲೆ ವಿಳಾಸವೂ ಇರುತ್ತದೆ. ಹುಡುಕೋಣ." ಅವತ್ತು ತಮ್ಮ ಮನೆಗೆ ಹೋಗುವ ದಾರಿಯುದ್ದಕ್ಕೂ ಅತ್ತಿದ್ದ. ಕಾಯಿಲೆ ಇದೆ ಎಂದಿದ್ದಕ್ಕಲ್ಲ, ನಿನ್ನದು ಸುಳ್ಳಲ್ಲ ಎಂದು ಒಬ್ಬರಾದರೂ ಹೇಳಿದರಲ್ಲ ಎಂದು. ಆ ಋಣ ಸಾಹೇಬರ ಎದೆಯಲ್ಲಿ ಹಸಿಯಾಗಿಯೇ ಇತ್ತು. ಅಂಥವರನ್ನು ಆರೋಪಿಯಂತೆ ಪ್ರಶ್ನಿಸುವ ಹಣೆಬರಹ ಬಂತಲ್ಲ!

"ಬರಬೇಕು, ಬರಬೇಕು," ಎಂಬ ಧ್ವನಿ ಒಳಗಿಂದಲೇ ಬಂತು. "ತಮ್ಮ ಹೆಜ್ಜೆ ಗೊತ್ತಾಗುತ್ತದೆ ಸಾಹೇಬರೆ. ಟೀ ಬಂತೋ?"

ಮೇಷ್ಟ್ರು ಕಿಟಕಿಯ ಬಳಿ ನಿಂತು ಬಿಳಿ ಕೋಟು ತೆಗೆಯುತ್ತಿದ್ದರು. ಕೋಟನ್ನು ಮೊಳೆಗೆ ತಗುಲಿಸಿ, ಅಂಗಿಯ ತೋಳು ಮಡಚಲು ಮುಂಗೈಯ ಬಳಿ ಎಳೆದರು.

ಟಿಚ್.

ಇನ್ನೊಂದು ಕೈ. ಟಿಚ್.

ಆ ಸದ್ದು ಸಾಹೇಬರು ದಿನಾ ಬೆಳಿಗ್ಗೆ ಕೇಳುವ ಸದ್ದು. ಬಟನ್ ಹಾಕಲು ಬೆರಳು ಬಗ್ಗದಾದಾಗ ತಮ್ಮ ಕಂಡುಕೊಂಡ ಉಪಾಯ ಅದು. ಮೇಲೆ ತೋರಿಕೆಗೆ ಬಟನ್, ಕೆಳಗೆ ಒತ್ತಿದರೆ ಕೂರುವ ಟಿಚ್ ಬಟನ್. ನೋಡಿದವರಿಗೆ ಸಾಮಾನ್ಯ ಅಂಗಿ, ಮಾನಕ್ಕೂ ಕುಂದಿಲ್ಲ.

ಮೇಷ್ಟ್ರು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಲೋಟಕ್ಕೆ ಟೀ ಬಗ್ಗಿಸಿಕೊಂಡರು. ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದಳು.

"ಮೇಷ್ಟ್ರೆ, ಒಂದೇ ಒಂದು ಪ್ರಶ್ನೆ. ಆ ಸೆಲ್ ಯಾರದ್ದು?"

"ತಪ್ಪು ನಮ್ಮದು ಅಂತ ಬೆಳಿಗ್ಗೆಯೇ ಹೇಳಿದೆವಲ್ಲ."

"ತಪ್ಪು ಯಾರದ್ದು ಅಂತ ಕೇಳ್ಲಿಲ್ಲ. ಸೆಲ್ ಯಾರದ್ದು ಅಂದೆ."

ಕಿಟಕಿಯ ಆಚೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಮೇಷ್ಟ್ರು ಲೋಟ ಮೇಜಿನ ಮೇಲಿಟ್ಟರು.

"ನಮ್ಮದು," ಎಂದರು.

ಬೆಳಿಗ್ಗೆ ಹೇಳಿದ್ದೂ ಅದೇ ಮಾತು. ಯಾರೂ ಕೇಳಿಸಿಕೊಂಡಿರಲಿಲ್ಲ, ಅಷ್ಟೇ.

"ಸರ್..." ಎಂದಳು ಹುಡುಗಿ.

"ತಾವು ಕೂತುಕೊಳ್ಳಿ ಮೊದಲು." ಮೇಷ್ಟ್ರು ಅವಳಿಗೆ ಕುರ್ಚಿ ಎಳೆದು ಕೊಟ್ಟರು. "ಒಂದು ದಿನ ಪಾಠ ಮಾಡುವಾಗ ಸೀಮೆಸುಣ್ಣ ಬಿತ್ತು. ಎತ್ತಿಕೊಂಡರೆ ಮತ್ತೆ ಬಿತ್ತು. ಮಕ್ಕಳು ನಕ್ಕರು, ನಾವೂ ನಕ್ಕೆವು. ಆಮೇಲೆ ನಮ್ಮ ತೋಳಿನ ಚರ್ಮವನ್ನೇ ಒಂದು ಚೂರು ತೆಗೆಸಿ ಬೆಳೆಸಿ ನೋಡಿದೆವು. ಒಳಗೆಲ್ಲ ಅದೇ ಕಸ. ಉಳಿದದ್ದನ್ನು ಸೀಸೆಗೆ ತುಂಬಿ, ನಮ್ಮ ಅಂತ ಬರೆದು, ಅದೇ ಡಬ್ಬಿಯಲ್ಲಿಟ್ಟು ಸುಮ್ಮನಾದೆವು."

"ಯಾರಿಗೂ ಯಾಕೆ ಹೇಳ್ಲಿಲ್ಲ?"

"ರೋಗಿಯೇ ಮದ್ದಿನ ಪರೀಕ್ಷಕ ಆದರೆ ಯಾರು ಒಪ್ಪುತ್ತಾರೆ ಸಾಹೇಬರೆ? ಕೆಲಸ ಕಿತ್ತುಕೊಳ್ಳುತ್ತಿದ್ದರು. ಹೊಸಬರು ಬಂದು ಮೊದಲಿಂದ ಶುರು ಮಾಡುವಷ್ಟರಲ್ಲಿ ತಮ್ಮ ತಮ್ಮನವರ ಕೈ ಪೂರ್ತಿ ಹೋಗಿರುತ್ತಿತ್ತು. ಅಷ್ಟೇ ಯೋಚಿಸಿದೆವು. ಈ ಮಗು ನಮ್ಮ ಸೀಸೆಯನ್ನೇ ಬಳಸುತ್ತಿದ್ದಾರೆ ಅಂತ ಇವತ್ತು ಬೆಳಿಗ್ಗೆಯ ತನಕ ನಮಗೂ ಗೊತ್ತಿರಲಿಲ್ಲ."

"ನಾನು ತ ಅಂತ ಓದ್ದೆ ಸರ್," ಹುಡುಗಿ ಅಳತೊಡಗಿದಳು.

"ತಮ್ಮ ಕಣ್ಣಿನ ತಪ್ಪಲ್ಲವಮ್ಮ. ನಮ್ಮ ಕೈಯ ತಪ್ಪು. ನ ಬರೆಯಲು ಹೋಗಿ ನಡುಗಿತು."

ಸಾಹೇಬರು ಒಂದು ಗಳಿಗೆ ಕಣ್ಣು ಮುಚ್ಚಿದರು. ಎದೆಯ ಮೇಲಿದ್ದ ಬಂಡೆ ಸರಿದ ಹಾಗಾಯಿತು. ಕಳ್ಳನೂ ಇಲ್ಲ, ಕಳ್ಳತನವೂ ಇಲ್ಲ!

"ಹಾಗಾದ್ರೆ ಮದ್ದು ಕೆಲಸ ಮಾಡಿದ್ದು ಇದೇ ಕಾಯಿಲೆಯ ಸೆಲ್ ಮೇಲೇ ಅಲ್ವಾ? ನಾಳೆ ಸಮಿತಿಗೆ ಇದನ್ನೇ ಹೇಳಿ. ತಮ್ಮನ ಸೀಸೆ ಮುಟ್ಟದೆ ಹಾಗೇ ಇದೆ, ಅದನ್ನೂ ಬೆಳೆಸಿ ನೋಡಲಿ."

"ಅದಕ್ಕೆ ಸಮಯ ಬೇಕು. ಅಲ್ಲಿಯವರೆಗೆ ಮದ್ದು ನಿಲ್ಲಿಸಿ ಅನ್ನುತ್ತಾರೆ." ಮೇಷ್ಟ್ರ ಮುಖ ಅರಳಿತು. "ಆದರೆ ತಮ್ಮ ತಮ್ಮನವರು ಇದ್ದಾರಲ್ಲ! ಇವತ್ತು ಸೂಜಿಗೆ ದಾರ ಪೋಣಿಸಿದರು ಅಂತ ತಾವೇ ಫೋನ್ ಮಾಡಿದ್ದಿರಿ. ನಾಳೆ ಸಮಿತಿಯ ಕಣ್ಣೆದುರು ಒಮ್ಮೆ ಪೋಣಿಸಲಿ. ಮದ್ದು ತೆಗೆದುಕೊಂಡ ಒಬ್ಬರೇ ಒಬ್ಬರು ಅವರು. ಅದಕ್ಕಿಂತ ಸಾಕ್ಷಿ ಬೇಕೆ?"

"ಒಬ್ಬನೇ ಅಂದ್ರೆ? ನೀವು?"

"ನಾವು ತೆಗೆದುಕೊಂಡಿಲ್ಲ. ಈಗ ತಯಾರಾಗಿರುವುದು ಒಬ್ಬರಿಗೆ ಸಾಲುವಷ್ಟೇ. ಮೊದಲ ಹಕ್ಕು ರೋಗಿಯದು."

"ನೀವೂ ರೋಗಿಯೇ ಅಲ್ವಾ ಮೇಷ್ಟ್ರೆ?"

"ನಾವು ಸಾಲಿನಲ್ಲಿ ಆಮೇಲೆ ಬಂದವರು," ಎಂದು ಮೇಷ್ಟ್ರು ನಕ್ಕರು.

ಸಾಹೇಬರು ನೆಟ್ಟಗೆ ನಿಂತರು. ನಿವೃತ್ತಿಯ ದಿನ ಕಳಚಿಟ್ಟ ಸಲ್ಯೂಟಿಗೆ ಕೈ ತಾನಾಗಿ ಹಣೆಗೇರಿತು. ಏನು ಹೇಳಿದರೂ ಕಡಿಮೆಯೇ ಎನ್ನಿಸಿತು. "ನಿಮ್ಮ ಋಣ ನಾವು ಅಣ್ಣತಮ್ಮಂದಿರು ತೀರಿಸೋಕಾಗಲ್ಲ," ಎಂದಷ್ಟೇ ಅಂದರು.

"ಋಣ ಎಂಥದ್ದು? ದಿನಾ ಟೀ ಕುಡಿಸುತ್ತೀರಲ್ಲ." ಮೇಷ್ಟ್ರು ಲೋಟ ಎತ್ತಿ ಒಂದು ಗುಟುಕು ಕುಡಿದರು. "ಸ್ವಲ್ಪ ಕಹಿ ಇರುತ್ತದೆ. ಸೊಪ್ಪೋ ಬೇರೋ ಹಾಕುತ್ತಾರೇನೋ ಅಂತ ಸುಮ್ಮನಿದ್ದೇವೆ. ಪ್ರೀತಿಯಿಂದ ಕೊಟ್ಟದ್ದಕ್ಕೆ ಹೆಸರಿಡಬಾರದು."

ಅಲ್ಲಿಗೆ ಮಾತು ಮುಗಿದು ಎಲ್ಲರೂ ಮನೆಗೆ ಹೋಗಬಹುದಿತ್ತು. ಆದರೆ ಹುಡುಗಿ ಕಣ್ಣೊರೆಸಿಕೊಂಡು, ಹುಬ್ಬು ಗಂಟಿಕ್ಕಿ ಮೇಷ್ಟ್ರ ಕೈಯನ್ನೇ ನೋಡುತ್ತಿದ್ದಳು.

"ಸರ್, ಮದ್ದು ತಗೊಂಡಿಲ್ಲ ಅಂತೀರಿ. ಆದ್ರೆ ಹೋದ ವಾರ ಪೈಪೆಟ್ ನೀವೇ ಹಿಡಿದ್ರಿ. ಒಂದು ಹನಿ ಆಚೀಚೆ ಆಗ್ಲಿಲ್ಲ."

"ಹೌದು. ಈಚೆಗೆ ಯಾಕೋ ಕೈ ವಾಸಿ. ನಮಗೂ ಆಶ್ಚರ್ಯವೇ."

ಸಾಹೇಬರು ಈಗ ನೋಡಿದರು. ಮೇಷ್ಟ್ರು ಲೋಟವನ್ನು ಒಂದೇ ಕೈಯಲ್ಲಿ ಹಿಡಿದಿದ್ದರು. ಅಂಚಿನ ತನಕ ಟೀ ಇತ್ತು, ತುಳುಕುತ್ತಿರಲಿಲ್ಲ.

"ಈ ಅಂಗಿ ಹೊಲಿದೋರು ಯಾರು ಮೇಷ್ಟ್ರೆ?"

"ತಮ್ಮ ತಮ್ಮನವರೇ ಕತ್ತರಿಸಿದ್ದು, ಹೊಲಿದದ್ದು ಅವರ ಮನೆಯವರು. ಅಳತೆಗೆ ಕೈ ಚಾಚಿದಾಗಲೇ ಅವರಿಗೆ ತಿಳಿದುಹೋಯಿತು. ಎಷ್ಟೆಂದರೂ ಅದೇ ದಾರಿಯಲ್ಲಿ ಮುಂದೆ ಹೋದವರು. ಯಾರಿಗೂ ಹೇಳಬಾರದು ಅಂತ ಮಾತು ತೆಗೆದುಕೊಂಡೆವು, ತಮಗೂ ಹೇಳಬಾರದು ಅಂತ." ಮೇಷ್ಟ್ರು ಸಂಕೋಚದಿಂದ ತಲೆ ತಗ್ಗಿಸಿದರು. "ಮದ್ದು ಒಬ್ಬರಿಗೇ ಸಾಲುತ್ತದೆ ಅನ್ನುವುದೂ ಮಾತಿನ ಭರದಲ್ಲಿ ಬಾಯಿ ತಪ್ಪಿ ಬಂತು. ಅವರು ಏನೂ ಅನ್ನಲಿಲ್ಲ, ಸುಮ್ಮನೆ ಟೇಪು ಸುತ್ತಿಟ್ಟರು. ಮರುದಿನದಿಂದಲೇ ಅಲ್ಲವೇ ತಾವು ಈ ಟೀ ತರಲು ಶುರು ಮಾಡಿದ್ದು?"

ಸಾಹೇಬರು ಮುಂದೆ ಹೋಗಿ ಫ್ಲಾಸ್ಕಿನ ಮುಚ್ಚಳಕ್ಕೆ ನಾಲ್ಕು ಹನಿ ಟೀ ಬಗ್ಗಿಸಿ ನಾಲಗೆಗೆ ಹಚ್ಚಿದರು. ಬೇವೂ ಸೋಲುವಂಥ ಕಹಿ, ಸಕ್ಕರೆಯ ಅಡಿಯಲ್ಲಿ ಅಡಗಿ ಕೂತಿತ್ತು.

"ಮಗಳೇ, ತಮ್ಮನಿಗೆ ಕೊಡೋ ಆ ಕ್ಯಾಪ್ಸೂಲ್ ಒಳಗಿನ ಪುಡಿ ರುಚಿ ಹೇಗಿರುತ್ತೆ?"

"ವಿಪರೀತ ಕಹಿ ಸಾಹೇಬ್ರೆ. ಅದಕ್ಕೇ ಕ್ಯಾಪ್ಸೂಲಿಗೆ ತುಂಬಿದ್ದು." ಹೇಳುತ್ತ ಹೇಳುತ್ತ ಅವಳ ಕೈ ಬಾಯಿಗೆ ಹೋಯಿತು.

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಮೀಸೆ ಹೊತ್ತ ಪತ್ತೇದಾರರು ದಿನವೂ ಹೆಗಲ ಮೇಲೆ ಹೊತ್ತು ತಂದದ್ದನ್ನೇ ಇವತ್ತು ಟ್ಯಾಂಕಿನೊಳಗೆ ಹುಡುಕಿದ್ದರು. 'ದಾರೀಲಿ ಬಾಯಿ ಹಾಕ್ಬೇಡಿ ಭಾವ.'

ಹಾಗಾದರೆ ತಮ್ಮ ಮದ್ದನ್ನು ಟೀಗೆ ಹಾಕಿ, ತಾನು ಬರೀ ನೀರು ಕುಡಿದು ಸೂಜಿಗೆ ದಾರ ಪೋಣಿಸಿದನೇ?

ದಾರ ನೆನಪಾದ ಕೂಡಲೇ ಸಾಹೇಬರ ಕಣ್ಣ ಮುಂದೆ ದಾರದ ತುದಿಯೂ ಬಂದು ನಿಂತಿತು. ಸಾಸಿವೆಯಷ್ಟು ಗಂಟು. ತಮ್ಮ ಕಸುಬು ಕಲಿತ ದಿನದಿಂದ ಕೊಚ್ಚಿಕೊಂಡದ್ದು ಒಂದೇ: "ದಾರಕ್ಕೆ ಗಂಟು ಹಾಕೋನು ಟೈಲರೇ ಅಲ್ಲ ಅಣ್ಣ. ಹಿಂದಕ್ಕೊಂದು ಹೊಲಿಗೆ ಹಾಕಿದ್ರೆ ದಾರ ತಾನೇ ನಿಲ್ಲುತ್ತೆ." ಗಂಟು ಹಾಕುವವಳು ಅವನ ಹೆಂಡತಿ. ಮದುವೆಯಾದಾಗಿನಿಂದ ಅವನು ಅವಳನ್ನು ಛೇಡಿಸುತ್ತ ಬಂದದ್ದೂ ಅದಕ್ಕೇ.

ಆ ಗಂಟನ್ನು ಬೆಳಿಗ್ಗೆಯೇ ಕಂಡಿದ್ದರು. ಸಂತೋಷಕ್ಕೆ ಕಣ್ಣು ಮಂಜಾಗಿತ್ತು.

ಸಾಹೇಬರು ಫೋನ್ ತೆಗೆದರು. ಮೇಷ್ಟ್ರು "ಸಾಹೇಬರೆ, ಏನಾಯಿತು?" ಎಂದು ಕೇಳುತ್ತಿದ್ದರು. ಅವರಿಗೆ ಇನ್ನೂ ಹೊಳೆದಿರಲಿಲ್ಲ. ಒಳ್ಳೆಯವರಿಗೆ ಇಂಥದ್ದು ತಡವಾಗಿಯೇ ಹೊಳೆಯುತ್ತದೆ.

ಆ ಕಡೆ ಹೊಲಿಗೆ ಮೆಷಿನ್ನಿನ ಟಕಟಕ ಕೇಳಿಸಿತು.

"ಹೇಳಣ್ಣ."

"ಸೂಜಿಗೆ ದಾರ ಪೋಣಿಸಿದ್ದು ಯಾರೋ?"

ಮೆಷಿನ್ ನಿಂತಿತು. ಹೆಂಡತಿ ಪೆಡಲಿನಿಂದ ಕಾಲು ತೆಗೆದಿರಬೇಕು.

"ಟೀ ಕೊಟ್ಯಾ ಅಣ್ಣ?"

"ಕೇಳಿದ್ದಕ್ಕೆ ಉತ್ತರ ಕೊಡು. ನಾಳೆ ಸಮಿತಿ ಮುಂದೆ ನೀನು ಸೂಜಿ ಹಿಡೀಬೇಕು. ಹಿಡೀತೀಯಾ?"

"ನಾನು ಸೂಜಿ ಹಿಡೀದಿದ್ರೆ ಒಂದು ಅಂಗಿ ನಿಲ್ಲುತ್ತೆ ಅಷ್ಟೇ. ಅವರ ಕೈ ನಿಂತ್ರೆ ಮುಂದಿನ ಮದ್ದು ಮಾಡೋರು ಯಾರು?" ತಮ್ಮನ ಧ್ವನಿಯಲ್ಲಿ ಬೇಸರವಿರಲಿಲ್ಲ, ಭಯವೂ ಇರಲಿಲ್ಲ. "ನೀನು ಮೊದಲು ಇದನ್ನ ಹೇಳು. ನಮ್ಮ ಮೇಷ್ಟ್ರ ಕೈ ಈಗ ಹೇಗಿದೆ?"